ಪೆಟ್ಟು ಬಿದ್ದ ತಲೆಗಳಿಗೊಂದು ಕೋಣೆ

ಇಂದ:
ತಂಡದ ವೈದ್ಯೆ (ಅರೆಕಾಲಿಕ), ಮೆಟ್ಟಿಲ ಕೆಳಗಿನ ಕೋಣೆ

ಗೆ:
ಗೌರವ ಕಾರ್ಯದರ್ಶಿಗಳು, ಫುಟ್‌ಬಾಲ್ ಸಂಘ, ಅದೇ ಮೆಟ್ಟಿಲ ಮೇಲಿನ ಕೋಣೆ

ವಿಷಯ: ಆಟದಲ್ಲಿ ತಲೆಗೆ ಪೆಟ್ಟು ಬಿದ್ದವರಿಗೆ ಚಿಕಿತ್ಸಾಲಯ ತೆರೆಯುವ ಬಗ್ಗೆ.

ಉಲ್ಲೇಖ: ತಾವು ಮೆಟ್ಟಿಲ ಮೇಲಿಂದ ಕೂಗಿ ದಯಪಾಲಿಸಿದ ಮೌಖಿಕ ಆದೇಶ.

ಮಾನ್ಯರೇ,

ಸೆಮಿಫೈನಲ್‌ನಲ್ಲಿ ನಮ್ಮ ಗೋಲ್‌ಕೀಪರ್ ಹುಡುಗಿಯ ತಲೆ ಕಂಬಕ್ಕೆ ಬಡಿಯಿತು. ಮುಖಕ್ಕೆ ನೀರೆರಚಿ ಅವಳನ್ನು ಮತ್ತೆ ಆಡಿಸಲಾಯಿತು.

ಈ ಸಂಬಂಧ ಕೆಳಕಂಡ ಅಂಶಗಳನ್ನು ತಮ್ಮ ಅವಗಾಹನೆಗೆ ತರುತ್ತೇನೆ:

೧. ಸದರಿ ಸಮಯದಲ್ಲಿ ನಾನು ಐಸ್ ಪೆಟ್ಟಿಗೆಯೊಳಗೆ, ಸಮಿತಿಯವರ ತಂಪು ಪಾನೀಯಗಳ ಅಡಿಯಲ್ಲಿ, ಐಸ್ ಹುಡುಕುತ್ತಿದ್ದೆ.

೨. ಲೀಗ್ ಶುರುವಾಗುವ ಮುನ್ನ ತಂಡಕ್ಕೆಲ್ಲ ನೆನಪಿನ ಪರೀಕ್ಷೆ ನಡೆಸಿದ್ದೆ. ಪೆಟ್ಟು ಬಿದ್ದ ಮೇಲೆ ಅಂಕ ಇಳಿದರೆ ಹೊರಗೆ ಕೂರಿಸಬೇಕೆಂಬುದು ನಿಯಮ. ತಿಂಗಳುಗಳನ್ನು ಹಿಂದಿನಿಂದ ಹೇಳಿ ಎಂದರೆ ಇಡೀ ತಂಡ ಡಿಸೆಂಬರಿನಿಂದ ನೇರ ಏಪ್ರಿಲಿಗೆ ಹಾರಿತು. ಮರುಗಿದ ನಾನು ಎಲ್ಲರಿಗೂ ಬಾದಾಮಿ ಹಂಚಿದೆ.

೩. ಸೆಮಿಫೈನಲ್ ಮುಗಿದ ಮೇಲೆ ಅದೇ ಪರೀಕ್ಷೆ ಮಾಡಿದಾಗ ಈ ಹುಡುಗಿ ಒಂದೂ ತಪ್ಪಿಲ್ಲದೆ ಹೇಳಿದಳು. ಕೋಚ್ ತೊಡೆ ತಟ್ಟಿದರು: "ನೋಡ್ರೀ ಡಾಕ್ಟ್ರೇ, ಪೆಟ್ಟು ಬಿದ್ದು ಬುದ್ಧಿ ಬಂದಿದೆ!" ಬಾದಾಮಿಯ ಮಹಿಮೆಯೆಂದು ನಾನೂ ಬೀಗಿದೆ. ಆಗ ಅವಳು ನನ್ನ ತೋಳು ಹಿಡಿದು, "ಅಕ್ಕಾ, ಮ್ಯಾಚ್ ಯಾವಾಗ ಶುರು?" ಎಂದಳು.

೪. ಕ್ಯಾಪ್ಟನ್ ಅಳಲು ಶುರುಮಾಡಿದಳು. "ಬೇಕಂತ ತಪ್ಪು ಹೇಳಿ ಅಂತ ಕೋಚ್ ಹೇಳ್ಕೊಟ್ಟಿದ್ರು ಅಕ್ಕ. ಮೊದಲೇ ಅಂಕ ಕಮ್ಮಿ ಇದ್ರೆ ಆಮೇಲೆ ಇಳಿಯಲ್ವಲ್ಲ. ಇವಳು ತಪ್ಪು ಹೇಳೋದನ್ನೇ ಮರ್ತಿದಾಳೆ." ಈ ಉಪಾಯ ಹುಲ್ಲು ಕತ್ತರಿಸುವವರಿಗೂ ಗೊತ್ತಿತ್ತಂತೆ. ಆದಕಾರಣ, ಮೈದಾನದಲ್ಲಿ ಏನೂ ತಿಳಿಯದ ಏಕೈಕ ತಲೆ ನನ್ನದೇ ಎಂದು ದೃಢೀಕರಿಸುತ್ತೇನೆ.

೫. ಇಂಥ ತಲೆಗೆ ಮಂದ ಬೆಳಕು, ಮೌನ, ವಿಶ್ರಾಂತಿ ಬೇಕು. ನನ್ನ ಕೋಣೆಯಲ್ಲಿ ಟ್ಯೂಬ್‌ಲೈಟ್ ಮಿಟುಕುತ್ತದೆ, ನೆತ್ತಿಯ ಮೇಲಿನ ಗ್ಯಾಲರಿಯಲ್ಲಿ ಪ್ರೇಕ್ಷಕರು ಕುಣಿಯುತ್ತಾರೆ. ರೋಗಿ ಮಲಗಿದರೆ ವೈದ್ಯೆ ಹೊರಗೆ ನಿಲ್ಲಬೇಕು. ಸಂಘದ ಕಪ್‌ಗಳಿಗಾದರೋ ದಪ್ಪ ಪರದೆಯ ಎ.ಸಿ. ಕೋಣೆಯಿದೆ. ಕಪ್‌ಗಳಿಗೆ ತಲೆಸುತ್ತು ಬಂದದ್ದನ್ನು ನಾನು ಕಂಡಿಲ್ಲ.

೬. ಇದನ್ನೇ ಮೆಟ್ಟಿಲ ಬುಡದಿಂದ ಹೇಳಿದಾಗ ತಾವು, "ನಾನೂ ಮೂರು ಸಲ ತಲೆ ಒಡ್ಕೊಂಡಿದ್ದೀನಿ ಕಣಮ್ಮಾ, ಏನಾಗಿದೆ ನಂಗೆ?" ಎಂದಿರಿ. ಸೇವಾ ನಿಯಮಗಳನ್ನು ಗೌರವಿಸಿ ನಾನು ಆ ಮೂರೂ ಪೆಟ್ಟುಗಳನ್ನು ರೋಗಿಗಳ ಪುಸ್ತಕದಲ್ಲಿ ಬರೆದುಕೊಂಡೆ. "ಫೈನಲ್‌ಗೆ ಅವಳೇ ಬೇಕು. ಫಿಟ್ ಅಂತ ಸಹಿ ಹಾಕಿ ಕಳಿಸು" ಎಂದೂ ಆದೇಶಿಸಿದಿರಿ. ಇನ್ನೊಂದು ಪೆಟ್ಟು ಬಿದ್ದರೆ ಅವಳು ಏಳದೇ ಇರಬಹುದು.

ಆದ್ದರಿಂದ ಕಪ್‌ಗಳನ್ನು ಮೆಟ್ಟಿಲ ಕೆಳಗೂ, ತಲೆಗಳನ್ನು ಕಪ್‌ಗಳ ಕೋಣೆಗೂ ವರ್ಗಾಯಿಸಿ ಚಿಕಿತ್ಸಾಲಯಕ್ಕೆ ಅನುಮತಿ ನೀಡಬೇಕು.

ಈ ಅರ್ಜಿ ಓದಿದ ಮೇಲೂ ಕೆಲಸದಲ್ಲಿದ್ದರೆ,
ತಮ್ಮ ವಿಶ್ವಾಸಿ,
ತಂಡದ ವೈದ್ಯೆ

ಲಗತ್ತುಗಳು:
೧. ಹುಡುಗಿಯ ಎರಡೂ ಪರೀಕ್ಷೆಗಳ ಅಂಕಗಳು (ಎರಡನೆಯದಕ್ಕೆ ದಯವಿಟ್ಟು ಚಪ್ಪಾಳೆ ತಟ್ಟಬಾರದು).
೨. ತಾವು ಕಳಿಸಿದ ಫಿಟ್‌ನೆಸ್ ಪತ್ರ. ಇದಕ್ಕೆ ನಾನು ಸಹಿ ಹಾಕುವುದಿಲ್ಲ. ತಲುಪಿದ್ದಕ್ಕೆ ಸ್ವೀಕೃತಿ ಕೊಡಬೇಕಾಗಿ ಕೋರಿಕೆ.