ಕೌಜಲಗಿಯಲ್ಲಿದ್ದ ಟಗರು

ರಾಯಪ್ಪ ಆ ರವಿವಾರ ಬೆಳಿಗ್ಗೆ ಬಾಯಿ ಮುಚ್ಚಿಕೊಂಡು ಚರ್ಚಿನಿಂದ ನೆಟ್ಟಗೆ ಮನೆಗೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಪುಣ್ಯಾತ್ಮ ಬಾಗಿಲಲ್ಲೇ ನಿಂತು ನೆರೆಮನೆಯ ಗೌರಕ್ಕನನ್ನು ಕೇಳಿಬಿಟ್ಟ:

"ಗೌರಕ್ಕಾ, ನಾ ತಿಳೀದ ನಿನಗೇನರ ತಪ್ಪು ಮಾಡೇನೇನ?"

ಕೇಳುವಂಥ ಮಾತೇ ಅದು? ಅದೂ ಗೌರಕ್ಕನನ್ನು!

ಹಾಗೆ ಕೇಳಲು ಹಚ್ಚಿದವರು ಪಾದ್ರಿಯವರು. ಧಾರವಾಡದ ಕಡೆಯ ಈ ಪಾದ್ರಿ ಮೂರು ತಿಂಗಳಿಗೊಮ್ಮೆ ಚಕ್ಕಡಿ ಹೂಡಿಕೊಂಡು ಶನಿವಾರವೇ ಘಟಪ್ರಭಾಕ್ಕೆ ಬಂದು, ಮರುದಿನ ರೊಟ್ಟಿ-ದ್ರಾಕ್ಷಾರಸ ಹಂಚುವ ಕರ್ತನ ಭೋಜನ ನಡೆಸುತ್ತಿದ್ದರು. ಅಂದಿನ ಉಪದೇಶದಲ್ಲಿ ಅವರು ಹೇಳಿದ್ದು ಇಷ್ಟು: "ಪ್ರಿಯರೇ, ತಿಳಿಯದೆ ಮಾಡಿದ್ದೂ ಪಾಪವೇ. ಮೋಶೆಯ ಕಾಲದಲ್ಲಿ ಅದಕ್ಕೊಂದು ಟಗರನ್ನು ಬಲಿ ಕೊಡಬೇಕಾಗಿತ್ತು. ಈಗ ಟಗರು ಬೇಡ. ತಿಳಿಯದೆ ತನ್ನನ್ನು ಕೊಂದವರಿಗಾಗಿಯೂ ಕರ್ತನು ಶಿಲುಬೆಯ ಮೇಲೆ ಕ್ಷಮೆ ಬೇಡಿದನು. ಆದರೆ ನಮ್ಮ ಬೆನ್ನು ನಮಗೆ ಕಾಣದು, ನೆರೆಯವನಿಗೆ ಕಾಣುತ್ತದೆ. ಕೇಳಿ ತಿಳಿದುಕೊಳ್ಳಿರಿ. ಕ್ಷಮೆ ಪಡೆದು ಸಂಜೆ ಭೋಜನಕ್ಕೆ ಬನ್ನಿರಿ."

ಕುರುಬರ ಮನೆತನದ ರಾಯಪ್ಪ ದೀಕ್ಷಾಸ್ನಾನ ಪಡೆದು ಒಂಬತ್ತು ತಿಂಗಳಾಗಿತ್ತು. ಭೋಜನ ಮಾತ್ರ ಇನ್ನೂ ಸಿಕ್ಕಿರಲಿಲ್ಲ. ಒಂದು ಸಲ ಚಳಿಜ್ವರ ಬಂತು. ಇನ್ನೊಂದು ಸಲ ಅದೇ ದಿನ ಓಣಿಯ ಯಲ್ಲಪ್ಪನ ಜೊತೆ ಜಗಳವಾಗಿ ಪಾದ್ರಿಯವರು ಹೊರಗೆ ಕೂರಿಸಿದರು. ಹೆಂಡತಿ ಸೀತವ್ವ ಬಿಳಿ ಸೀರೆಯುಟ್ಟು ಒಳಗೆ ಮೇಜಿನ ಮುಂದೆ ಮೊಣಕಾಲೂರುವುದು, ಕಟ್ಟಿಕೊಂಡ ಗಂಡ ಹೊರಗೆ ಎಲ್ಲರ ಚಪ್ಪಲಿ ಕಾಯುವುದು! ಯಾವ ಗಂಡಸು ಸಹಿಸಿಯಾನು?

"ಈ ಸಲ ಒಳಗ ಬರಲಿಲ್ಲಂದ್ರ ಆ ಚಪ್ಪಲಿ ಕಾಯೋ ನೌಕರೀನ ಕಾಯಂ ಮಾಡಸ್ತೇನಿ ನೋಡ್ರಿ," ಎಂದು ಸೀತವ್ವ ಬೇರೆ ಹೇಳಿದ್ದಳು.

ಗೌರಕ್ಕ ಸೊಂಟಕ್ಕೆ ಕೈಯಿಟ್ಟಳು. "ಕೇಳಿದ್ದು ಚಲೋ ಆತು. ನಿನ್ನೆ ನಿನ್ನ ಟಗರು ನನ್ನ ಸಂಡಿಗೀನೆಲ್ಲಾ ತಿಂದು ಹೋತು."

"ನನ್ನ ಟಗರ? ಅದು ಕೌಜಲಗ್ಯಾಗ ನಮ್ಮ ಮಾವನ ಮನ್ಯಾಗ ಐತೆವಾ! ಹೋದ ಸಂತಿಗೇ ಬಿಟ್ಟು ಬಂದೇನಿ."

"ಬೇಲಿ ಮ್ಯಾಲ ಕೋಡು ಕಂಡೇನಿ. ಈ ಓಣ್ಯಾಗ ನಿನ್ನ ಬಿಟ್ಟು ಟಗರು ಯಾರ ಸಾಕ್ಯಾರ? ನಿನಗ ತಿಳಿದಿಲ್ಲ, ತಿಳೀದ ಮಾಡಿದ ಪಾಪಂದ್ರ ಇದ!"

ರಾಯಪ್ಪ ಹಲ್ಲು ಕಚ್ಚಿಕೊಂಡು ಮನೆಗೆ ಬಂದರೆ ಕಟ್ಟೆಯ ಮೇಲೆ ಯಲ್ಲಪ್ಪ ಕುಳಿತಿದ್ದ. ಸುದ್ದಿ ರಾಯಪ್ಪನಿಗಿಂತ ಮುಂಚೆ ಓಣಿ ಮುಟ್ಟಿತ್ತು. ಯಲ್ಲಪ್ಪ ಅವನನ್ನು ತನ್ನ ಹಿತ್ತಲಿಗೆ ಎಳೆದೊಯ್ದು ತುದಿ ಬೋಳಾದ ನುಗ್ಗೆ ಸಸಿ ತೋರಿಸಿದ.

ರಾಯಪ್ಪನಿಗೆ ನೋಡಿದ ಕೂಡಲೇ ತಿಳಿಯಿತು. "ಏ ಮಾರಾಯಾ, ಟಗರು ತಲಿ ಬಗ್ಗಿಸಿ ಮೇಯ್ತೈತಿ. ಹಿಂಗ ಮುಂಗಾಲೆತ್ತಿ ಎದಿಮಟ ಚಿಗುರು ಕಡಿಯೂದು ಆಡಿನ ಕೆಲಸ!"

"ಆಡು ಯಾರ ಮನ್ಯಾಗ ಐತಿ, ತೋರಸು?"

ಓಣಿಯಲ್ಲಿ ಯಾರ ಮನೆಯಲ್ಲೂ ಆಡಿರಲಿಲ್ಲ.

"ಕ್ಷಮಾ ಬೇಡಾಕ ಬಂದಿಯೋ, ವಾದಾ ಹಾಕಾಕ ಬಂದಿಯೋ? ಹೋದ ಸಲದಂಗ ಪಾದ್ರಿಯವರ ಮುಂದ ಹೇಳಲೇನು?" ಎಂದ ಯಲ್ಲಪ್ಪ.

ಅಷ್ಟರಲ್ಲಿ ಕಿರಾಣಿ ಅಂಗಡಿಯ ನೇಮಣ್ಣ ಬರಿದಲೆಯಲ್ಲಿ ಬಂದ. ಅವನು ಜೈನ, ಚರ್ಚಿಗೂ ಅವನಿಗೂ ಏನು ಸಂಬಂಧ? ಆದರೂ ಬಂದ. ಒಗೆದು ಒಣಹಾಕಿದ್ದ, ತಲೆಗೆ ಸುತ್ತುವ ಅವನ ಜರಿ ಪಟಕ ಅರ್ಧ ಮಾಯವಾಗಿತ್ತಂತೆ.

"ಸಾವಕಾರ್ರ, ನೀವು ನಮ್ಮ ಸಭಾದವರಲ್ಲ. ನಿಮಗ್ಯಾಕ್ರಿ ಇದು?"

"ಟಗರು ಜಾತಿ ಕೇಳಿ ಪಟಕ ತಿಂತೇನಪಾ? ನಮ್ಮಲ್ಲಿ ತಿಳೀದ ಮಾಡಿದ್ರೂ ಕರ್ಮ ಅಂಟತೈತಿ. ಇರಿವಿ ತುಳದ್ರೂ ಕ್ಷಮಾ ಕೇಳ್ತೇವಿ, ಉಪಾಸ ಮಾಡ್ತೇವಿ. ನಿಮಗ ಬಾಯಿಲೆ ಕೇಳಿದ್ರ ಮಾಫ್. ಅಷ್ಟೂ ಆಗವಲ್ದೇನು?"

ರಾಯಪ್ಪನ ಮೈಯೆಲ್ಲ ಉರಿಯಿತು. ಇಲ್ಲದ ಟಗರಿಗೆ ಇಷ್ಟು ಜನ ಸಾಕ್ಷಿ! ಆದರೆ ಹೊತ್ತು ಇಳಿಯುತ್ತಿತ್ತು, ಚರ್ಚಿನ ಮೊದಲ ಗಂಟೆ ಬಾರಿಸಿತು.

"ಹೂಂ ಅಂದ್ಬಿಡ್ರಿ, ನಿಮ್ಮದೇನ ಗಂಟು ಹೋಗತೈತಿ?" ಎಂದಳು ಗೌರಕ್ಕನ ಜೊತೆ ಗಂಡನನ್ನು ಹುಡುಕಿಕೊಂಡು ಬಂದ ಸೀತವ್ವ.

ಕೊನೆಗೆ ಪಾಪದವನು ಕೈಮುಗಿದ. "ಹೌದ್ರಪಾ, ನನ್ನ ಟಗರ ತಿಂದೈತಿ. ನನಗ ತಿಳೀಲಿಲ್ಲ. ಕ್ಷಮಿಸ್ರಿ."

ಮೂವರೂ ಬಹಳ ಸಂತೋಷದಿಂದ ಕ್ಷಮಿಸಿದರು. ಗೌರಕ್ಕನಂತೂ ಟಗರು ಸಾಕುವುದು ಹೇಗೆಂದು ಕುರುಬನಿಗೇ ಬುದ್ಧಿ ಹೇಳಿದಳು.

ಸ್ನಾನ ಮಾಡಿ ಮಡಿ ಧೋತರ ಉಟ್ಟು ರಾಯಪ್ಪ ಚರ್ಚಿಗೆ ನಡೆದ. ಅಂಗಳದಲ್ಲಿ ಪಾದ್ರಿಯವರ ಚಕ್ಕಡಿ ನಿಂತಿತ್ತು. ಗಾಲಿಯ ಹಿಂದಿನಿಂದ ಒಂದು ಕೋಡಿನ ತಲೆ ಹೊರಬಂತು. ಆಡು! ಹೊಟ್ಟೆನೋವಿಗೆ ಆಡಿನ ಹಾಲೇ ಕುಡಿಯಬೇಕೆಂದು ಡಾಕ್ಟರರು ಹೇಳಿದ್ದರಿಂದ ಪಾದ್ರಿಯವರು ಈ ಸಲ ಅದನ್ನು ಜೊತೆಗೆ ತಂದಿದ್ದರು. ಅದರ ಬಾಯಿಂದ ಒಂದು ಗೇಣು ಜರಿ ನೇತಾಡುತ್ತಿತ್ತು.

ರಾಯಪ್ಪ ಅದರ ಕೋಡು ಹಿಡಿದು ತುಂಬಿದ ಸಭೆಯೊಳಗೇ ಎಳೆದು ತಂದ. "ನೋಡ್ರಿ ಎಲ್ಲಾರೂ! ಕಣ್ಣ ತೆರೆದ ನೋಡ್ರಿ! ನನ್ನ ಟಗರಂತ ನನ್ನ ಬಾಯಿಲೇ ಹೇಳಿಸಿ ಮೂವರೂ ನನ್ನ ತಲಿ ತಿಂದ್ರಲ್ಲಾ, ಪಾಪ ಮಾಡಿದ್ದು ಇದ!"

ಪಾದ್ರಿಯವರು ಕನ್ನಡಕ ತೆಗೆದು ತಲೆ ತಗ್ಗಿಸಿದರು. "ಇದು ನನ್ನ ಆಡು. ನಿನ್ನೆ ಹಗ್ಗ ಬಿಚ್ಚಿಕೊಂಡದ್ದು ನನಗೆ ತಿಳಿಯಲಿಲ್ಲ. ಎಲ್ಲರೂ ನನ್ನನ್ನು ಕ್ಷಮಿಸಿರಿ."

"ಅಯ್ಯ, ಎಂಥಾ ದೊಡ್ಡ ಮಾತ್ರಿ!" ಗೌರಕ್ಕ ಕಣ್ಣೊರೆಸಿಕೊಂಡಳು. "ಇನ್ನೊಂದಿಷ್ಟು ಸಂಡಿಗಿ ಕಳಸ್ತೇನ್ರಿ."

"ಚಿಗುರು ಕಡದ್ರ ನುಗ್ಗಿ ಚಲೋ ಹಬ್ಬತೈತ್ರಿ," ಎಂದ ಯಲ್ಲಪ್ಪ.

ಕಿಟಕಿಯಾಚೆಯಿಂದ ನೇಮಣ್ಣನೂ, "ಹಳೇ ಪಟಕ ಬಿಡ್ರಿ," ಎಂದ.

ರಾಯಪ್ಪ ಆಡಿನ ಕೋಡು ಬಿಟ್ಟ. ಪಾದ್ರಿಯವರು ಅವನತ್ತ ತಿರುಗಿದರು. "ನಿನ್ನ ಟಗರು ಎಲ್ಲಿತ್ತು, ರಾಯಪ್ಪಾ?"

"ಕೌಜಲಗ್ಯಾಗ್ರಿ."

"ಅದು ನಿನಗೆ ಗೊತ್ತಿತ್ತೆ?"

"ಗೊತ್ತಿರದ ಏನ್ರಿ? ನಾನ ಬಿಟ್ಟು ಬಂದೇನಿ!"

"ಆದರೂ ನಿನ್ನ ಟಗರೇ ತಿಂದಿತೆಂದು ಮೂವರಿಗೆ ಹೇಳಿದೆ. ನನ್ನದು ತಿಳಿಯದೆ ಆದ ಪಾಪ. ನಿನ್ನದು ತಿಳಿದು ಹೇಳಿದ ಸುಳ್ಳು."

"ಹಂಗಾರ ಅದಕ್ಕೂ ಕ್ಷಮಾ ಕೇಳ್ತೇನ್ರಿ!" ರಾಯಪ್ಪ ಕೂಗಿದ.

"ಕ್ಷಮೆ ಉಂಟು, ಮಗನೇ. ಮೊದಲು ಪಶ್ಚಾತ್ತಾಪ ಬೇಕು. ನಿನಗೆ ಬಂದಿರುವುದು ಬರೀ ಸಿಟ್ಟು. ಮುಂದಿನ ಸಲ ನೋಡೋಣ. ಹೋಗುವಾಗ ಆಡನ್ನೂ ಹೊರಗೆ ಒಯ್ಯು."

ಒಳಗೆ ಹಾಡು ಶುರುವಾಯಿತು. ಸೀತವ್ವನ ದನಿಯೇ ಎಲ್ಲಕ್ಕಿಂತ ಮೇಲೆ ಕೇಳುತ್ತಿತ್ತು. ರಾಯಪ್ಪ ಮೆಟ್ಟಿಲ ಮೇಲೆ ಚಪ್ಪಲಿಗಳ ನಡುವೆ ಕುಳಿತ. ಆಡು ಒಂದೊಂದೇ ಚಪ್ಪಲಿ ಮೂಸುತ್ತ ಬಂದು ಪಾದ್ರಿಯವರ ಹೊಸ ಚಪ್ಪಲಿಯ ಬಾರು ಕಚ್ಚಿತು. ರಾಯಪ್ಪ ಅತ್ತಿತ್ತ ನೋಡಿ, ಇನ್ನೊಂದನ್ನೂ ಕಾಲಿನಿಂದ ಅದರ ಮುಂದೆ ಸರಿಸಿದ. ತಾನು ಏನು ಮಾಡುತ್ತಿದ್ದೇನೆಂದು ಅವನಿಗೆ ಚೆನ್ನಾಗಿ ತಿಳಿದಿತ್ತು.