ಬೀಗರ ಎಮ್ಮೆ ಮತ್ತು ನನ್ನ ವೇದಾಂತ

ವೇದಾಂತವೆನ್ನುವುದು ಕೇಳುವಾಗ ಬಹಳ ಹಗುರ. ಅದನ್ನು ಬೇರೆಯವರ ಮನೆಯ ಕಷ್ಟಕ್ಕೆ ಹಚ್ಚುವಾಗ ಇನ್ನೂ ಹಗುರ. ನಮ್ಮದೇ ಹೊಸ್ತಿಲು ದಾಟಿ ಒಳಗೆ ಬಂದು ತೊಟ್ಟಿಲ ಪಕ್ಕ ಕುಳಿತಾಗ ಮಾತ್ರ ಅದರ ತೂಕ ತಿಳಿಯುತ್ತದೆ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು, ಕೊಟ್ಟೂರಿನಲ್ಲಿ ಮಂಡಕ್ಕಿ ಭಟ್ಟಿ ಇಟ್ಟುಕೊಂಡವನು. ಕಾದ ಮರಳಿನಲ್ಲಿ ಅಕ್ಕಿ ಹುರಿದು ಮಂಡಕ್ಕಿ ಮಾಡುವುದು ಬಿಟ್ಟರೆ ನನಗೆ ಬರುವ ವಿದ್ಯೆ ಇನ್ನೊಂದಿಲ್ಲ. ಆದರೂ ಒಂದಿಡೀ ವರ್ಷ ಊರಿನ ಅರ್ಧ ಜನಕ್ಕೆ ವೇದಾಂತ ಹೇಳಿದೆ. ಭಟ್ಟಿಗೆ ಬಂದವರು ಮಂಡಕ್ಕಿ ಅಳೆದು ಕೊಡುವವರೆಗೆ ನಿಲ್ಲಲೇಬೇಕಲ್ಲ, ಪಾಪ, ಎಲ್ಲಿಗೆ ಹೋದಾರು?

ಇದಕ್ಕೆಲ್ಲ ಕಾರಣ ಶ್ರಾವಣದಲ್ಲಿ ಮಠದಲ್ಲಿ ನಡೆದ ಪ್ರವಚನ. ಪರ ಊರಿನಿಂದ ಒಬ್ಬ ಸ್ವಾಮಿಗಳು ಬಂದಿದ್ದರು. ಅವರು ಹೇಳಿದ ಹಗ್ಗ, ಹಾವು, ಮಣ್ಣು, ಮಡಕೆ ಎಲ್ಲ ನನ್ನ ತಲೆಯ ಮೇಲಿಂದ ಹಾರಿ ಹೋದವು. ಆದರೆ ಒಂದು ದಿನ ಬಸ್ಸಿನ ದೃಷ್ಟಾಂತ ಕೊಟ್ಟರು ನೋಡಿ, ಅದು ನೇರ ಎದೆಗೆ ಬಂದು ಕುಳಿತಿತು. “ಸಂಸಾರ ಅಂದ್ರ ಒಂದು ಬಸ್ಸಿದ್ದಂಗ. ಅವರವರ ಊರು ಬಂದಾಗ ಅವರವರು ಇಳೀತಾರ. ಇಳಿಯೋರ ಅಂಗಿ ಹಿಡದು ಜಗ್ಗಬ್ಯಾಡ್ರಿ. ಕಿಟಕಿ ಪಕ್ಕ ಸುಮ್ನ ಕುಂತು ನೋಡ್ರಿ, ಅಷ್ಟ!” ನಾನು ಹುಟ್ಟಿದಾಗಿನಿಂದ ಕೂಡ್ಲಿಗಿ ಬಸ್ಸಿನಲ್ಲಾಗಲಿ ಹಡಗಲಿ ಬಸ್ಸಿನಲ್ಲಾಗಲಿ ಕಿಟಕಿ ಪಕ್ಕದ ಸೀಟು ಕಂಡವನಲ್ಲ; ಯಾವಾಗಲೂ ಯಾರದೋ ಕೋಳಿಬುಟ್ಟಿಯ ಮೇಲೆ ಒಂದು ಕಾಲಿಟ್ಟು ನಿಂತವನೇ. ಆದರೂ ಮಾತು ಬಹಳ ಹಿಡಿಸಿತು.

ಅದನ್ನು ಮೊದಲು ಪ್ರಯೋಗಿಸಿದ್ದು ನಮ್ಮ ಬೀಗರ ಮೇಲೆ. ಮಗಳು ಸುಮಿತ್ರಾಳನ್ನು ಹಗರಿಬೊಮ್ಮನಹಳ್ಳಿಗೆ ಕೊಟ್ಟಿದ್ದೇವೆ. ಅವಳ ಮಾವ ವೀರಣ್ಣನವರ ಹಿಂಡುವ ಎಮ್ಮೆ ಒಂದೇ ದಿನದ ಜಡ್ಡಿನಲ್ಲಿ ಸತ್ತುಹೋಯಿತು. ಮಾತಾಡಿಸಲು ಹೋದಾಗ ಅವರು ತಲೆಯ ಮೇಲೆ ಟವೆಲ್ಲು ಹೊದ್ದು ಕಟ್ಟೆಯ ಮೇಲೆ ಕೂತಿದ್ದರು. ಹಾಲಿಲ್ಲದ ಚಹಾ ಬಂತು. ಅದನ್ನು ಸೊರಸೊರ ಕುಡಿಯುತ್ತ ನಾನು ಹೇಳಿದೆ: “ಬೀಗ್ರ, ಅದರ ಊರು ಬಂತು, ಅದು ಇಳೀತು. ನೀವು ಯಾಕ ಅಂಗಿ ಹಿಡದು ಜಗ್ಗತೀರಿ?” ಎಮ್ಮೆಗೆ ಅಂಗಿ ಇರುವುದಿಲ್ಲವೆಂದು ನನಗೆ ಆಗ ಹೊಳೆಯಲಿಲ್ಲ. ಬೀಗರು ಟವೆಲ್ಲು ಸರಿಸಿ ನನ್ನ ಮುಖ ನೋಡಿದರು, ಆಮೇಲೆ ಎಮ್ಮೆ ಮೇಯುತ್ತಿದ್ದ ಖಾಲಿ ಗೋದಲಿಯತ್ತ ತಿರುಗಿದರು. ಮಾತು ನಾಟಿತು ಎಂದುಕೊಂಡು ಖುಷಿಯಿಂದ ಮನೆಗೆ ಬಂದೆ.

ಆಮೇಲೆ ಪುಷ್ಯದ ಚಳಿಯಲ್ಲಿ, ಚೊಚ್ಚಲ ಬಾಣಂತನಕ್ಕೆ ಬಂದಿದ್ದ ಸುಮಿತ್ರಾ ಹೆಣ್ಣು ಹೆತ್ತಳು. ನಾನು ಅಜ್ಜನಾದೆ! ಏನು ಹೇಳಲಿ, ಆ ಕೂಸಿನ ಕಿವಿ ಒಂದೊಂದೂ ಮೆಂತ್ಯದ ಎಲೆಯ ಹಾಗೆ. ಅಂಗೈ ಬಿಡಿಸಿದರೆ ಒಳಗೆ ಸಣ್ಣ ಬೆವರು. ನನ್ನ ಬೆರಳು ಸಿಕ್ಕಿದರೆ ಬಾಯಿಗೇ ಒಯ್ಯುತ್ತಿತ್ತು, ಮಂಡಕ್ಕಿಯ ಉಪ್ಪು ಹತ್ತಿರುತ್ತಿತ್ತೇನೋ. ನಾನು ಹಿಗ್ಗಬಾರದು, ಸಾಕ್ಷಿಯ ಹಾಗೆ ಸುಮ್ಮನೆ ನೋಡುವವನಾಗಿರಬೇಕು ಎಂದು ಗಟ್ಟಿ ಮನಸ್ಸು ಮಾಡಿದೆ. ನೋಡುವುದಕ್ಕೆ ಅಡ್ಡಿಯಿಲ್ಲವಲ್ಲ, ನೋಡಿದೆ. ಹಾಲು ಕುಡಿದಾಗ ನೋಡಿದೆ, ಮಲಗಿದಾಗ ನೋಡಿದೆ, ಮಲಗಿದ್ದು ಎದ್ದಿತೋ ಎಂದು ಮತ್ತೆ ಬಂದು ನೋಡಿದೆ. ಭಟ್ಟಿ ಇರುವುದು ಮನೆಯ ಮುಂದೆ, ತೊಟ್ಟಿಲು ಒಳಗೆ. ಇವೆರಡರ ನಡುವೆ ಓಡಾಡಿ ನನ್ನ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ನಮ್ಮಾಕೆ ಕೊನೆಗೆ ಬೇಸತ್ತು ಅಂದಳು: “ಸಾಕ್ಷಿ ಆಗೋದಂದ್ರ ದೂರ ನಿಂತು ನೋಡೋದಂತ ನೀವ ಹೇಳ್ತಿದ್ರಿ. ತೊಟ್ಟಿಲದಾಗ ಮುಖ ತುರುಕಿ ಕೂಸಿಗೆ ಗಾಳಿ ಕಟ್ಟಬ್ಯಾಡ್ರಿ!”

ಮಂಡಕ್ಕಿಯ ಕೆಲಸ ಬಹಳ ಸೂಕ್ಷ್ಮ. ಅಕ್ಕಿ ಅರಳುವುದು ಒಂದು ಉಸಿರಿನಷ್ಟು ಹೊತ್ತಿನಲ್ಲಿ. ಕೂಡಲೇ ಜರಡಿಗೆ ಎತ್ತದಿದ್ದರೆ ಕರಿಯಾಗುತ್ತದೆ. ಒಳಗೆ ಕೂಸು ಸೀನಿದರೆ ನನ್ನ ಕೈ ಇಲ್ಲಿ ನಿಂತುಬಿಡುತ್ತಿತ್ತು. ಮಿರ್ಚಿ ಅಂಗಡಿಯ ಬಸಕ್ಕ ಒಂದು ದಿನ ಚೀಲ ತಂದು ನನ್ನ ಮುಂದೆ ಸುರಿದಳು. “ಯಣ್ಣಾ, ಇದು ಮಂಡಕ್ಕಿನೋ ಇದ್ದಿಲೋ?”

“ಕೂಸು ಸೀನಿತವ್ವಾ,” ಎಂದೆ.

“ನಿನ್ನ ಮೊಮ್ಮಗಳಿಗೆ ನೆಗಡಿ ಆದ್ರ ಊರಾಗಿನ ಮಂದಿ ಎಲ್ಲಾ ಕರಿ ಮಂಡಕ್ಕಿ ತಿನ್ನಬೇಕೇನು?” ಎಂದು ಬೈದಳು. ಬೈದವಳು ಹಾಗೆಯೇ ಒಳಗೆ ಹೋಗಿ, ಕೂಸಿನ ದೃಷ್ಟಿ ತೆಗೆದು, ಮುದ್ದಿಟ್ಟು ಬಂದಳು ಅನ್ನಿ.

ಐದನೆಯ ತಿಂಗಳಿಗೆ ತಾಯಿ-ಮಗುವನ್ನು ಗಂಡನ ಮನೆಗೆ ಕಳಿಸುವುದು ಪದ್ಧತಿ. ಅಳಿಯನಿಗೆ ನೌಕರಿ, ರಜೆ ಸಿಗದು. ಕರೆದೊಯ್ಯಲು ಬೀಗರೇ ಬಂದರು. ಅವರು ಚೀಲ ಕೆಳಗಿಟ್ಟು, ನಾಳೆ ಹೊರಡುತ್ತೇವೆ ಎಂದರು. ನಾನು ಗೋಡೆಯ ಕ್ಯಾಲೆಂಡರಿನತ್ತ ಹೋದೆ. “ನಾಳಿ ಮಂಗಳವಾರ ಬೀಗ್ರ. ಹೆಣ್ಣುಮಗಳನ್ನ ಕಳಸೂ ದಿನ ಅಲ್ಲ.” ಅವರು ತಲೆಯಾಡಿಸಿ ಊರಿಗೆ ಹೋದರು. ಮತ್ತೆ ಬಂದಾಗ ಎದುರಿಗೆ ಅಮಾವಾಸ್ಯೆ ಇತ್ತು. ಅದರಾಚೆ ಶುಕ್ರವಾರ, ಶುಕ್ರವಾರ ಮನೆಯ ಲಕ್ಷ್ಮಿಯನ್ನು ಯಾರಾದರೂ ಹೊರಗೆ ಕಳಿಸುತ್ತಾರೆಯೇ? ಎಲ್ಲ ದಿನವೂ ಶಿವನದೇ, ಒಳ್ಳೆಯ ದಿನ ಕೆಟ್ಟ ದಿನ ಎನ್ನುವುದು ಮೂಢರ ಮಾತು ಎಂದು ಅದೇ ಕ್ಯಾಲೆಂಡರಿನ ಕೆಳಗೆ ಕೂತು ನಾನೇ ಸಾರಿದ್ದೆ. ನಮ್ಮಾಕೆ ಒಳಗಿನಿಂದ ಇಣುಕಿ, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಆ ನಗು ನನಗೆ ಈಗಲೂ ಕೇಳುತ್ತದೆ.

ಮೂರನೆಯ ಸಲ ಬಂದ ಬೀಗರು ಚೀಲವನ್ನು ಕೆಳಗಿಡಲೇ ಇಲ್ಲ. ಬಾಗಿಲಲ್ಲೇ ನಿಂತು, ನಿಧಾನಕ್ಕೆ, ಒಂದೊಂದೇ ಮಾತನ್ನು ತೂಗಿ ಅಂದರು: “ಬೀಗ್ರ, ನಮ್ಮ ಎಮ್ಮಿ ಸತ್ತಾಗ ಏನೋ ಒಂದು ಭಾಳ ಚಲೋ ಮಾತು ಹೇಳಿದ್ರಿ. ಬಸ್ಸಿಂದು. ಅದನ್ನ ಇನ್ನೊಮ್ಮಿ ಹೇಳ್ರಿ, ಮರ್ತೈತಿ.”

ಭಟ್ಟಿಯ ಮುಂದೆ ನಿಂತ ಗಿರಾಕಿಗಳೆಲ್ಲ ನನ್ನ ಬಾಯಿ ನೋಡಿದರು. “ನಡೀರಿ, ಬಸ್ಸಿಗೆ ಹೊತ್ತಾತು,” ಎಂದು ಗಂಟು ಎತ್ತಿಕೊಂಡೆ.

ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಟವೆಲ್ಲು ಒಗೆದು ಸೀಟು ಹಿಡಿದೆ. ಅದೂ ಕಿಟಕಿ ಪಕ್ಕದ್ದು! ಬಾಣಂತಿ ಹತ್ತಿ, ಗಂಟು ಮೂಟೆ ಸರಿಮಾಡಿಕೊಳ್ಳುವವರೆಗೆ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಗಾಳಿ ಬೀಸುತ್ತಿತ್ತು. ಕೂಸು ನನ್ನ ಮೊಣಕೈಯ ಮಡಿಕೆಯಲ್ಲಿ ಮುಖವಿಟ್ಟು ಮಲಗಿಬಿಟ್ಟಿತು.

“ಅಪ್ಪಾ, ಕೂಸಿನ ಕೊಡು. ಇಳಿ, ಬಸ್ ಬಿಡ್ತೈತಿ,” ಎಂದಳು ಸುಮಿತ್ರಾ.

“ಇಳೀತೀನಿ ತಾಯಿ. ಈಗ ಮಲಗೈತಿ. ಮಲಗಿದ ಕೂಸನ್ನ ಅಲುಗಾಡಿಸಬಾರದು.”

ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಕೆಳಗೆ ನಿಂತಿದ್ದ ನಮ್ಮಾಕೆ ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿ ಬಂದು, “ಏ, ಭಟ್ಟ್ಯಾಗ ಉರಿ ಐತ್ರೀ!” ಎಂದು ಕೂಗಿದಳು. ನಾನು ಕಿಟಕಿ ಪಕ್ಕ ಸುಮ್ಮನೆ ಕುಳಿತು ನೋಡಿದೆ. ಇಡೀ ವರ್ಷದಲ್ಲಿ ಸ್ವಾಮಿಗಳ ಮಾತನ್ನು ಸರಿಯಾಗಿ ಪಾಲಿಸಿದ್ದು ಅದೊಂದೇ ಸಲ.

ಕಂಡಕ್ಟರ್ ಬಂದು, “ಎಲ್ಲಿಗ್ರಿ ಅಜ್ಜಾರ?” ಎಂದು ಕೇಳಿದ. ಎಲ್ಲರ ಊರನ್ನೂ ಬಲ್ಲವನಂತೆ ಮಾತಾಡಿದವನು ಈಗ ಕೂಸಿನ ಕುಲಾವಿ ಸರಿಮಾಡತೊಡಗಿದೆ. ಪಕ್ಕದಲ್ಲಿ ಕಂಬಿ ಹಿಡಿದು ನಿಂತಿದ್ದ ಬೀಗರೇ ನನ್ನ ಟಿಕೆಟ್ಟನ್ನೂ ತೆಗೆಸಿದರು. ಈಗ ಹಂಗಿಸುತ್ತಾರೆಂದು ನಾನು ತಲೆ ತಗ್ಗಿಸಿದೆ. ಅವರು ಬಗ್ಗಿ ನನ್ನ ಕಿವಿಯ ಹತ್ತಿರ ಹೇಳಿದರು: “ಕುಂಡ್ರಿ ಬೀಗ್ರ. ಆ ಎಮ್ಮಿ ಹಗ್ಗ ಇನ್ನಾ ಗ್ವಾದಲ್ಯಾಗ ಕಟ್ಟಿದ್ದು ಕಟ್ಟಿದಂಗ ಇತ್ತು. ಬಿಚ್ಚಾಕ ಮನಸ ಆಗಿರಲಿಲ್ಲ. ಮೊನ್ನಿ ಕೂಸಿಗೆ ಅಂತ ಹೊಸಾ ಎಮ್ಮಿ ತಂದು ಅದಕ್ಕ ಕಟ್ಟೀನಿ. ಬರ್ರಿ, ಹಾಲು ಹಾಕಿದ ಚಾ ಕುಡದು ಹೋಗೀರಂತ.”

ಬೀಗರ ಮನೆಯಲ್ಲಿ ಆ ಚಹಾವನ್ನು ಈ ಸಲ ಸೊರಸೊರ ಸದ್ದು ಮಾಡದೆ ಕುಡಿದೆ. ಹಿಂದೆ ಅದೇ ಕಟ್ಟೆಯ ಮೇಲೆ ಕೂತು ನಾನಾಡಿದ ಮಾತನ್ನೆಲ್ಲ ಆ ಹೊಸ ಎಮ್ಮೆಗೂ ಯಾರೋ ಹೇಳಿದ್ದರೇನೋ, ಮೆಲುಕು ಹಾಕುತ್ತ ನನ್ನನ್ನೇ ನೋಡುತ್ತಿತ್ತು.

ಈಗ ಮತ್ತೆ ಶ್ರಾವಣ. ಪಂಚಮಿಗೆಂದು ಸುಮಿತ್ರಾಳನ್ನು ಕರೆತಂದಿದ್ದೇವೆ. ಕೂಸು ಈಗ ಅಂಬೆಗಾಲಿಡುತ್ತದೆ. ಭಟ್ಟಿಯ ಕಡೆ ಬಾರದಂತೆ ಬಾಗಿಲಿಗೆ ಹಲಗೆ ಅಡ್ಡ ಇಟ್ಟಿದ್ದೇನೆ. ಅದೇ ಸ್ವಾಮಿಗಳು ಬಂದಿದ್ದಾರೆ. ಹೋದ ವರ್ಷ ಮುಂದಿನ ಸಾಲಿನಲ್ಲಿ ಕೂತವನು ಇವತ್ತು ಕೂಸನ್ನು ಎತ್ತಿಕೊಂಡು ಹೋಗಿ ಕಂಬದ ಹಿಂದೆ ಕೂತೆ. ಸ್ವಾಮಿಗಳು ಮತ್ತೆ ಬಸ್ಸು ತಂದರು. “ಇಳಿಯೋರ ಅಂಗಿ ಹಿಡದು ಜಗ್ಗಬ್ಯಾಡ್ರಿ,” ಎಂದರು. ಮುಂದೆ ಕೂತ ಬಸಕ್ಕ ತಿರುಗಿ ನೋಡಿದಳು. ಅವಳ ಹಿಂದೆ ಇಡೀ ಸಭೆಯೇ ತಿರುಗಿ ನೋಡಿತು. ನಾನು ಯಾರ ಅಂಗಿಯನ್ನೂ ಹಿಡಿದಿರಲಿಲ್ಲ. ಕೂಸೇ ನನ್ನ ಅಂಗಿಯ ಗುಂಡಿಯನ್ನು ಮುಷ್ಟಿಯಲ್ಲಿ ಹಿಡಿದು, ಕಾಲು ಕೊಟ್ಟು ಜಗ್ಗುತ್ತಿತ್ತು. ಅದಕ್ಕೆ ಬುದ್ಧಿ ಹೇಳಲು ನನಗೇನೋ ಬಹಳ ಮನಸ್ಸಿತ್ತು. ಆದರೆ ನಾಳೆ ಬೀಗರು ಕರೆದೊಯ್ಯಲು ಬರುತ್ತಾರೆ. ಇವತ್ತು ಬುದ್ಧಿ ಹೇಳಿ, ಅದೇನಾದರೂ ಕೇಳಿಬಿಟ್ಟರೆ?