ನವಿಲು ಮಹಾಶಯರಿಗೆ ಅವರೆ ಚಪ್ಪರದ ಅಹವಾಲು

ಮಾನ್ಯರೇ,

ರಾಷ್ಟ್ರಪಕ್ಷಿಯೆಂಬ ಬಿರುದು ಹೊತ್ತ, ಸುಬ್ರಹ್ಮಣ್ಯಸ್ವಾಮಿಯನ್ನೇ ಬೆನ್ನ ಮೇಲೆ ಕೂರಿಸಿಕೊಂಡ, ಯಾರೂ ಮೈ ಮುಟ್ಟಬಾರದೆಂಬ ಕಾನೂನಿನ ಕಾವಲಿರುವ ತಮ್ಮ ಪಾದಗಳಿಗೆ, ಅಂದರೆ ನನ್ನ ಸೇವಂತಿಗೆ ಮಡಿಯನ್ನು ದಿನಬೆಳಗೂ ಕೆದಕುವ ಆ ಎರಡು ಪಾದಗಳಿಗೆ, ದೊಡ್ಡಬಳ್ಳಾಪುರದ ಅಂಚಿನಲ್ಲಿ ಒಂದು ಹಿತ್ತಿಲು ಇಟ್ಟುಕೊಂಡಿರುವ ಶಶಿರೇಖಾ ಮಾಡುವ ನಮಸ್ಕಾರಗಳು. ತಾವು ಸಂಸಾರಸಮೇತ ಕ್ಷೇಮವಾಗಿದ್ದೀರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಊಟ ನಡೆಯುತ್ತಿರುವುದು ನಮ್ಮಲ್ಲೇ.

ಈ ಹಿತ್ತಿಲು ಮೊದಲು ಮಗ್ಗದ ಶೆಡ್ಡಾಗಿತ್ತು. ನಮ್ಮ ಯಜಮಾನರಾದ ರಾಜೇಂದ್ರ ಅವರು ಮಗ್ಗಗಳನ್ನು ಮಾರಿ ಸೈಟು ಕೊಡಿಸುವ ಕೆಲಸಕ್ಕೆ ಇಳಿದ ಮೇಲೆ, ಶೆಡ್ಡು ಕೆಡವಿಸಿ, ಗೊಬ್ಬರ ಹೊತ್ತು ಹಾಕಿ ತೋಟ ಮಾಡಿಕೊಂಡವಳು ನಾನು. ಮಳೆಗಾಲ ಕಳೆದು, ದಸರಾ ಮುಗಿದು, ಕಾರ್ತೀಕ ಹತ್ತಿರ ಬರುವ ಈ ದಿನಗಳಿಗಾಗಿಯೇ ನಾನು ವರ್ಷವಿಡೀ ಕಳೆ ಕೀಳುವುದು. ಬೆಳಗ್ಗೆ ಕಾಫಿ ಲೋಟ ಹಿಡಿದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರೆ ಎದುರಿಗೆ ಹಳದಿ ಸೇವಂತಿಗೆ, ಬದಿಗೆ ಚೆಂಡುಹೂವು, ಇಬ್ಬನಿಯಲ್ಲಿ ನೆನೆದ ಚಪ್ಪರದಿಂದ ಅವರೆಯ ಸೊಗಡು. ಈ ಸುಖಕ್ಕೆ ಪಾಲುದಾರರು ಬೇಕೆಂದು ನಾನು ಎಲ್ಲೂ ಜಾಹೀರಾತು ಕೊಟ್ಟಿರಲಿಲ್ಲ.

ಆದರೂ ತಾವು ದಯಮಾಡಿಸಿದಿರಿ. ತಮ್ಮ ನಯನಾಜೂಕನ್ನು ಎಷ್ಟು ಹೊಗಳಿದರೂ ಸಾಲದು. ಮೆಣಸಿನ ಗಿಡದಲ್ಲಿ ಕುಡಿ ಮಾತ್ರ, ಟೊಮೆಟೊ ಹಣ್ಣಿಗೆ ಒಂದೊಂದು ಕುಕ್ಕು ಮಾತ್ರ, ಉಳಿದದ್ದೆಲ್ಲ ಮನೆಯವರಿಗೆ. ಮಣ್ಣಿನಲ್ಲಿ ಹೊರಳಾಡಬೇಕೆನಿಸಿದರೆ ತಾಲ್ಲೂಕಿನಲ್ಲಿ ಬೇರೆಲ್ಲೂ ಮಣ್ಣೇ ಇಲ್ಲವೆಂಬಂತೆ ಸೇವಂತಿಗೆಯ ಬುಡ. ಕುಣಿತವನ್ನಾದರೂ ನೋಡಿ ಸಮಾಧಾನಪಡೋಣವೆಂದರೆ, ಈ ಕಾಲಕ್ಕೆ ತಮ್ಮ ಉದ್ದಗರಿಗಳೆಲ್ಲ ಉದುರಿ, ತಾವು ಯಾರದೋ ಮನೆಯಿಂದ ತಪ್ಪಿಸಿಕೊಂಡ ದೊಡ್ಡ ಕೋಳಿಯ ಹಾಗೆ ಕಾಣುತ್ತೀರಿ. ಇದನ್ನು ಟೀಕೆಯೆಂದು ಭಾವಿಸಬಾರದು.

ತಮ್ಮನ್ನು ಹೆದರಿಸಲು ಹೋಗಿ ನಾನು ಮಾಡಿಕೊಂಡ ಎಡವಟ್ಟನ್ನೂ ಇಲ್ಲಿ ನಿವೇದಿಸುತ್ತೇನೆ. ಹೊಳೆಯುವುದೇನಾದರೂ ಕಟ್ಟಿದರೆ ಹಕ್ಕಿಗಳು ಸುಳಿಯುವುದಿಲ್ಲವೆಂದು ನಂಬಿ, ನೇಯ್ಗೆ ಕೆಟ್ಟಿತೆಂದು ಅಂಗಡಿಯವರು ಎಂದೋ ವಾಪಸು ಮಾಡಿದ್ದ ಜರಿ ಸೀರೆಯನ್ನು ಚಪ್ಪರದ ಸುತ್ತ ಬಿಗಿದೆ. ಅದರ ಅಂಚಿನುದ್ದಕ್ಕೂ ಸಾಲಾಗಿ ನವಿಲುಗಳು. ನಮ್ಮ ಮನೆಯಲ್ಲಿ ಅಂಚು ಎಂದರೆ ನವಿಲೇ. ನೇಯ್ದು ನೇಯ್ದು ಅವು ನಮ್ಮ ಕಣ್ಣಿಗೆ ಬೀಳುವುದನ್ನೇ ಬಿಟ್ಟಿದ್ದವು. ತಮ್ಮ ಕಣ್ಣಿಗೆ ಬಿದ್ದವು. ಮಾರನೆಯ ಬೆಳಗ್ಗೆ ತಾವು ಬೀಗರ ಮನೆಗೆ ಬಂದವರಂತೆ ಹೆಂಡತಿಯರನ್ನೆಲ್ಲ ಕರೆತಂದು, ಅಂಚಿನ ಮುಂದೆ ಕತ್ತು ಕೊಂಕಿಸಿ ನಿಂತು, ಕುಶಲ ವಿಚಾರಿಸಿ, ಆಮೇಲೆ ಅವರೆ ಹೂವಿಗೆ ಬಾಯಿ ಹಾಕಿದಿರಿ. ಪಕ್ಕದ ಮನೆಯ ಅಮ್ಮಯಮ್ಮನವರು ಗೋಡೆಯಾಚೆಯಿಂದ ಇದನ್ನು ನೋಡಿ, ಸೀರೆ ಕಟ್ಟಿ ಕರೆದ ಮೇಲೆ ಬರದೆ ಇರುತ್ತವೆಯೇ ಎಂದು ನನ್ನನ್ನೇ ಕೇಳಿದರು.

ತಮ್ಮ ಸ್ವಂತ ವಿಳಾಸ ನನಗೆ ಗೊತ್ತಿದೆ. ಕೆರೆಯ ಹಿಂದಿದ್ದ ಕುರುಚಲು ಗುಡ್ಡ. ಅದನ್ನು ಸಮತಟ್ಟು ಮಾಡಿ, 'ನವಿಲುಗರಿ ಎನ್‌ಕ್ಲೇವ್' ಎಂದು ಹೆಸರಿಟ್ಟು, ಕಮಾನಿನ ಮೇಲೆ ವರ್ಷವಿಡೀ ಗರಿ ಬಿಚ್ಚಿಕೊಂಡೇ ಇರುವ ಸಿಮೆಂಟಿನ ನವಿಲುಗಳನ್ನು ಕೂರಿಸಿದ್ದಾರೆ. ತಾವು ಕೂಡಲೇ ಅಲ್ಲಿಗೆ ತೆರಳಿ, ಆ ಸಿಮೆಂಟಿನವರನ್ನು ಕೆಳಗಿಳಿಸಿ, ಜಾಗವನ್ನು ತಮ್ಮ ಹೆಸರಿಗೆ ಖಾತೆ ಮಾಡಿಸಿಕೊಳ್ಳಬೇಕೆಂದು ಕೋರುತ್ತೇನೆ. ಓಡಾಟಕ್ಕೆ ನಮ್ಮ ಯಜಮಾನರಿದ್ದಾರೆ. ಅಲ್ಲಿನ ಸೈಟುಗಳನ್ನು ಕೊಡಿಸುತ್ತಿರುವವರು ಅವರೇ. ನವಿಲೆಲ್ಲಿ ಎಂದು ಗಿರಾಕಿಗಳು ಕೇಳುತ್ತಾರಂತೆ. ಅದಕ್ಕೆ ಪ್ರತಿ ಭಾನುವಾರ ಅವರನ್ನು ನಮ್ಮ ಹಿತ್ತಿಲಿಗೆ ಕರೆತಂದು ತಮ್ಮನ್ನು ತೋರಿಸಿ ಕಳಿಸುತ್ತಾರೆ. ನಾನು ಬಲೆ ಕೊಂಡು ತಂದ ದಿನ ಯಜಮಾನರು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ: "ಬಲೆ ಗಿಲೆ ಕಟ್ಬೇಡ ಕಣೇ, ಭಾನುವಾರ ಪಾರ್ಟಿ ಬರ್ತಾರೆ. ನಾಲ್ಕು ಅವರೆಕಾಯಿ ತಿಂದ್ರೆ ನಿನ್ ಗಂಟೇನ್ ಹೋಗ್ತದೆ?"

ಏನು ಹೋಗುತ್ತದೆಂದು ತಮಗಾದರೂ ಹೇಳುತ್ತೇನೆ. ಆ ಅವರೆಯ ಬೀಜ ಸಾಸಲು ಹಳ್ಳಿಯಲ್ಲಿದ್ದ ನಮ್ಮಮ್ಮ ಆದಿಲಕ್ಷ್ಮಮ್ಮನದು. ಅಮ್ಮ ಪ್ರತಿ ವರ್ಷ ಬೂದಿ ಬೆರೆಸಿ ಎತ್ತಿಟ್ಟು, ನಾನು ತವರಿಗೆ ಹೋದಾಗಲೆಲ್ಲ ಒಂದು ಹಿಡಿ ಸೆರಗಿಗೆ ಹಾಕಿ ಕಳಿಸುತ್ತಿದ್ದಳು. ಈಗ ಅಮ್ಮನಿಲ್ಲ, ಅವಳ ಹಿತ್ತಿಲಿನಲ್ಲಿ ಬೇರೆಯವರ ಮನೆ ಎದ್ದಿದೆ. ಅಂಗಡಿಯ ಬೀಜದಲ್ಲಿ ಕಾಯಿ ಬರುತ್ತದೆ, ಆ ಸೊಗಡು ಬರುವುದಿಲ್ಲ. ಈ ಸಲ ಇದ್ದದ್ದನ್ನೆಲ್ಲ ಬಿತ್ತಿದ್ದೇನೆ, ಡಬ್ಬ ಖಾಲಿಯಾಗಿದೆ. ಬೀಜಕ್ಕೆ ಬಿಡಬೇಕಾದ ಕಾಯಿ ತಮ್ಮ ಹೊಟ್ಟೆ ಸೇರಿದರೆ ಆ ಅವರೆ ಇನ್ನೆಲ್ಲೂ ಇಲ್ಲ. ಅಮ್ಮ ನೆನಪಾದಾಗ ಹೋಗಿ ಕೂರಲು ನನಗಿರುವುದು ಆ ಚಪ್ಪರದ ಕೆಳಗಿನ ಜಾಗ ಒಂದೇ. ಇಷ್ಟನ್ನೂ ಯಜಮಾನರಿಗೆ ಹೇಳಿದೆ. ಅವರು ಫೋನಿನಲ್ಲಿದ್ದರು.

ಆದ್ದರಿಂದ ಇಂದು ಬೆಳಗ್ಗೆ ಯಾರನ್ನೂ ಕೇಳದೆ ಚಪ್ಪರಕ್ಕೆ ಬಲೆ ಕಟ್ಟಿದ್ದೇನೆ. ಮೆಣಸು, ಟೊಮೆಟೊ, ಸೇವಂತಿಗೆಗಳ ಮೇಲೆ ತಮ್ಮ ಕೃಪೆ ಎಂದಿನಂತೆ ಇರಲಿ, ನನ್ನ ತಕರಾರಿಲ್ಲ. ಅವರೆಯ ತಂಟೆಗೆ ಮಾತ್ರ ಬರಬೇಡಿ ಎಂದು ಸೆರಗೊಡ್ಡಿ ಬೇಡುತ್ತೇನೆ.

ತಮ್ಮ ವಿಶ್ವಾಸವನ್ನು ನಂಬದಿದ್ದರೂ
ತಮ್ಮ ವಿಶ್ವಾಸಿ,
ಶಶಿರೇಖಾ

ತಾಜಾಕಲಂ: ನಾಳೆ ಭಾನುವಾರ. ಬಲೆ ಕಂಡು ಮುನಿಸಿಕೊಂಡು ತಾವು ಬಾರದೆ ಹೋದರೂ ಚಿಂತೆಯಿಲ್ಲ. ನವಿಲೆಲ್ಲಿ ಎಂದು ಗಿರಾಕಿಗಳು ಕೇಳಿದರೆ, ಅದರ ಮನೆಯನ್ನು ನೀವು ಕೊಂಡುಕೊಳ್ಳುತ್ತಿದ್ದೀರಲ್ಲ, ಇನ್ನೆಲ್ಲಿಂದ ಬಂದೀತು ಎಂದು ನಾನೇ ಹೇಳುತ್ತೇನೆ. ಆಗಲಾದರೂ ಯಜಮಾನರು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುತ್ತಾರೆ.